ತಲೆ ಎಣಿಕೆ

ನಾಲ್ಕನೇ ಮಹಡಿಯಲ್ಲಿ ಎರಡು ಜೋಡಿ ಹೆಜ್ಜೆಗಳ ಸದ್ದು. ಲಿವಿಯುವಿನ ಬಾಡಿಗೆ ಕರಾರಿನಲ್ಲಿ ಇರುವುದು ಒಂದೇ ತಲೆ. ಮೆಟ್ಟಿಲ ತಿರುವಿನಲ್ಲಿ ಉಸಿರು ಬಿಗಿಹಿಡಿದು ನಿಂತಿದ್ದ ವೆತೂರಿಯಾಗೆ ಇನ್ನು ಅನುಮಾನ ಉಳಿಯಲಿಲ್ಲ.

ಬ್ರಯಿಲ ಊರಿನ ಆ ಕಟ್ಟಡದ ಉಸ್ತುವಾರಿ ಇಪ್ಪತ್ತು ವರ್ಷಗಳಿಂದ ಅವಳದೇ. ಪ್ರತಿ ತಿಂಗಳು ನೆಲಮಹಡಿಯ ತನ್ನ ಮನೆ ಬಾಗಿಲ ಬಳಿ ಪಟ್ಟಿ ಅಂಟಿಸುತ್ತಾಳೆ: ಯಾವ ಮನೆಯಲ್ಲಿ ಎಷ್ಟು ಜನ. ಹೆಸರಿಲ್ಲ, ಬರೀ ಸಂಖ್ಯೆ. ನೀರು, ಲಿಫ್ಟು ಎಲ್ಲವೂ ತಲೆ ಲೆಕ್ಕದಲ್ಲಿ ಹಂಚಿಕೆಯಾಗುವುದರಿಂದ ಒಬ್ಬರು ಕದ್ದು ಉಳಿದರೆ ಹೊರೆ ಉಳಿದವರ ಮೇಲೆ.

ಪಟ್ಟಿಯಲ್ಲಿ ಸುಳ್ಳು ಒಂದೇ, ಅದೂ ಅವಳದೇ. 'ಮನೆ ಒಂದು: ಇಬ್ಬರು.' ಒಂಬತ್ತು ವರ್ಷಗಳ ಹಿಂದೆ ಜಗಳದಲ್ಲಿ ಮಗಳು ಒತಿಲಿಯಾಗೆ ಹೊಸ್ತಿಲು ತುಳಿಯಬೇಡ ಎಂದಿದ್ದಳು. ಮಗಳು ಊರನ್ನೇ ಬಿಟ್ಟಳು. ಆಡಿದ ಮಾತು ಹಿಂದಕ್ಕೆ ಬರುವುದಿಲ್ಲ, ಮಗಳಾದರೂ ಬರಲಿ ಎಂದು ತಾಯಿ ಆ ಸಂಖ್ಯೆ ತಿದ್ದದೆ ಉಳಿಸಿಕೊಂಡಳು. ಅದನ್ನು ಅಳಿಸುವುದೂ ಒಂದೇ, ಮಗಳನ್ನು ಮಣ್ಣು ಮಾಡುವುದೂ ಒಂದೇ. ಹಳೆಯ ನೆರೆಯವರಿಗೆ ಗೊತ್ತು, ಯಾರೂ ಬಾಯಿ ಬಿಡುವುದಿಲ್ಲ.

ಲಿವಿಯು ಹೊಸಬ, ವಸಂತದಲ್ಲಷ್ಟೇ ಬಂದ ಗಾರೆ ಕೆಲಸದವನು. ಮೂರು ವಾರಗಳಿಂದ ಬೆಳಕು ಹರಿಯುವ ಮುನ್ನ ತಲೆಗೆ ಶಾಲು ಎಳೆದುಕೊಂಡು ಹೆಂಗಸೊಬ್ಬಳು ಇಳಿದು ಹತ್ತುತ್ತಾಳೆಂದು ಪಕ್ಕದವರು ದೂರಿದ್ದರು. ವೆತೂರಿಯಾ ಬಾಗಿಲು ಬಡಿದಳು. ಬಾಗಿಲು ಗೇಣು ತೆರೆಯಿತು.

"ಹತ್ತು ದಿನ ಬಿಡಿ ಅಮ್ಮಾವ್ರೇ," ಎಂದ ಲಿವಿಯು. "ಅವಳಿಗೆ ಇಲ್ಲೊಂದು ಕೆಲಸ ಇದೆ. ಧೈರ್ಯ ಬಂದ್ರೆ ಒಂದೇ ದಿನ ಸಾಕು."

"ಮೂರು ವಾರ ಕದ್ದು ಇರೋಕೆ ಧೈರ್ಯ ಇತ್ತಲ್ಲ." ಆಮೇಲೆ ಒಳಗಿದ್ದವಳಿಗೂ ಕೇಳಲೆಂದು ದನಿ ಏರಿಸಿದಳು. "ಲೆಕ್ಕದಲ್ಲಿ ಇಲ್ದೋರಿಗೆ ಇಲ್ಲಿ ಜಾಗ ಇಲ್ಲ ತಾಯಿ. ಬಂದ ದಾರಿ ಹಿಡಿ."

ಒಳಗೆ ಕುರ್ಚಿಯೊಂದು ಸರಿಯಿತು. ವೆತೂರಿಯಾ ಅಂದೇ ಮನೆ ಮಾಲೀಕನಿಗೆ ಫೋನ್ ಮಾಡಿದಳು. ಶನಿವಾರದೊಳಗೆ ಅತಿಥಿ ಹೊರಡಬೇಕು, ಇಲ್ಲವೇ ಬಾಡಿಗೆದಾರನೂ ಖಾಲಿ ಮಾಡಬೇಕು ಎಂದು ಅವನು ಕಡ್ಡಿ ಮುರಿದಂತೆ ಹೇಳಿದ.

ಶನಿವಾರ ಮಧ್ಯಾಹ್ನ ಲಿವಿಯು ತಾನಾಗಿಯೇ ವೆತೂರಿಯಾಳ ಬಾಗಿಲಿಗೆ ಬಂದ. ಅತಿಥಿ ಬೆಳಗಿನ ರೈಲಿಗೆ ಹೋದಳಂತೆ. ಎಲ್ಲಿಗೆಂದು ಅವನಿಗೂ ಹೇಳಿಲ್ಲವಂತೆ. ಸಮಾಧಾನ ಆಯಿತೇ ಎಂದು ಕೇಳಲು ಬಂದವನು, ಅವಳ ಭುಜದಾಚೆ ಒಳಗೆ ಕಣ್ಣು ಹಾಯಿಸಿ ತಡೆದು ನಿಂತ. ಮೇಜಿನ ಮೇಲೆ ಸೂಪಿನ ಬಟ್ಟಲು ಒಂದೇ ಇತ್ತು.

"ನಿಮ್ಮ ಜೊತೆ ಇರೋ ಇನ್ನೊಬ್ರು ಎಲ್ಲಿ?"

"ಯಾರಪ್ಪ? ನಾನೊಬ್ಬಳೇ ಇರೋದು."

ಅವನು ಮೆಟ್ಟಿಲ ಮೇಲೆ ಕೂತ.

"ಹೇಳ್ಬೇಡ ಅಂತ ಆಣೆ ಹಾಕಿಸ್ಕೊಂಡಿದ್ಲು ಅಮ್ಮಾವ್ರೇ. ಒತಿಲಿಯಾ ದಿನಾ ನಿಮ್ಮ ಬಾಗಿಲವರೆಗೂ ಇಳಿದು ಬರ್ತಿದ್ಲು. ಆ ಪಟ್ಟಿ ಓದಿ, ಅಮ್ಮನ ಜೊತೆ ಬೇರೆ ಯಾರೋ ಇದ್ದಾರೆ, ನನ್ನ ಜಾಗ ತುಂಬಿದೆ ಅಂತ ವಾಪಸ್ ಹತ್ತಿ ಬರ್ತಿದ್ಲು."