ಹೊಡೆದವನ ಪಾಲು

ಅಣ್ಣ ಕೋವಿಯನ್ನು ಯಾವತ್ತೂ ಮರಕ್ಕೊರಗಿಸಿ ಗುರಿ ಹಿಡಿದವನಲ್ಲ. ಬಯಲಲ್ಲಿ ನಿಂತೇ ಹೊಡೆಯುತ್ತಿದ್ದ. ಕಾಡಿಗೆ ಒಯ್ಯುತ್ತಿದ್ದದ್ದೂ ಒಂದೇ ಗುಂಡು. ಹೊಲದ ಜಗಳದಿಂದ ಮಾತು ಬಿಟ್ಟಿದ್ದ ತಮ್ಮ ಅಂದು ತಾನಾಗಿ ಬಂದು ಬೇಟೆಗೆ ಕರೆದಾಗ ಅಣ್ಣನ ಕಣ್ಣು ತುಂಬಿತ್ತು. ಕಾಡು ಸೇರಿದ ಮೇಲೆ, ತುಂಬಿಕೊಡಲೆಂದು ಕೋವಿಯನ್ನೂ ಗುಂಡನ್ನೂ ತಮ್ಮನ ಕೈಗೇ ಕೊಟ್ಟ.

ತಮ್ಮ ನಳಿಕೆಯ ಬಾಯಿಗೆ ಮದ್ದು ಸುರಿದು, ನಾರು ತುರುಕಿ, ಗಜದ ಸರಳಿನಿಂದ ಜಡಿದ.

“ಗುಂಡು ಇಳೀತೇನೋ?”

“ಇಳೀತು ಕಣಣ್ಣ. ಹಂದಿ ತೀರಾ ಹತ್ರ ಬರೋಗಂಟ ಹೊಡೀಬ್ಯಾಡ.”

ಪೊದೆ ಅಲುಗಿತು. ಒಂಟಿ ಹಂದಿ ಹೊರಬಿದ್ದು ಇವರತ್ತಲೇ ನುಗ್ಗಿತು. ಕೋವಿ ಎತ್ತಿದ್ದ ಅಣ್ಣ ತಟ್ಟನೆ ಇಳಿಸಿದ. ಹಂದಿಯ ತಲೆ ಹೊಡೆದವನಿಗೇ ಸೇರಬೇಕೆಂಬುದು ಊರ ಕಟ್ಟಳೆ. ತಮ್ಮನ ಮನೆಗೆ ಇದುವರೆಗೆ ಒಂದೂ ಹೋಗಿರಲಿಲ್ಲ.

“ತಕೋ, ಇವತ್ತು ನೀನೇ ಹೊಡಿ. ತಲೆ ನಿನ್ ಮನೆಗೆ ಹೋಗ್ಲಿ.”

“ಬ್ಯಾಡ, ನೀನೇ ಹೊಡಿ!”

“ಹೆದರ್ಬ್ಯಾಡ ಕಣೋ, ಪಕ್ಕದಲ್ಲಿ ನಾನಿಲ್ವಾ?”

ತಮ್ಮ ಕೋವಿ ಮುಟ್ಟಲಿಲ್ಲ. ಹಿಂದಿದ್ದ ಮರಕ್ಕೆ ಹಾರಿ ಹತ್ತತೊಡಗಿದ. ಅವನ ಜೇಬಿನಿಂದ ಆ ಒಂದೇ ಗುಂಡು ಜಾರಿ ಅಣ್ಣನ ಪಾದದ ಬಳಿ ಬಿತ್ತು.