ಎಳ್ಳ ಅಮಾವಾಸ್ಯೆಯ ಪಚಡಿ

ಹಕ್ಕರಕಿ ಸೊಪ್ಪು ಹೆಚ್ಚುವಾಗ ಏಳುವ ಖಾರದ ವಾಸನೆ ಮೂಗಿಗೆ ಬಡಿದರೆ ಇಂದಿಗೂ ನನ್ನ ಕೈ ತಾನಾಗಿಯೇ ಉಪ್ಪಿನ ಡಬ್ಬಿಗೆ ಹೋಗುತ್ತದೆ.

ನನಗಾಗ ಎಂಟು ವರ್ಷ. ಸಾರವಾಡದ ನಮ್ಮ ಮನೆಗೆ ಅಂದು ಬಿಜ್ಜರಗಿಯ ಹೊಸ ಬೀಗರು ಬಂದಿದ್ದರು. ಎಳ್ಳ ಅಮಾವಾಸ್ಯೆಯ ಬುತ್ತಿ ಕಟ್ಟಿಕೊಂಡು ಎಲ್ಲರೂ ಹೊಲಕ್ಕೆ ಹೋಗುವುದಿತ್ತು. ಆ ವರ್ಷ ಪಚಡಿ ನನ್ನ ಪಾಲಿನ ಕೆಲಸ. ಹಕ್ಕರಕಿ, ಮೂಲಂಗಿ, ಸೌತೆಕಾಯಿ ಹೆಚ್ಚಿ ಗುರೆಳ್ಳು ಪುಡಿ ಕಲಸಿದೆ.

"ಉಪ್ಪು ಹೊಲದಾಗ ಉಣ್ಣಾಕ ಕುಂತ ಮ್ಯಾಲೆ ಹಾಕೂಣು," ಎಂದಳು ಅಜ್ಜಿ.

ಉಪ್ಪಿಲ್ಲದ್ದು ಯಾವ ಪಚಡಿ ಎಂದುಕೊಂಡು ಒಂದು ಹಿಡಿ ಹಾಕಿಯೇ ಬಿಟ್ಟೆ. ಭೂತಾಯಿಯ ಎಡೆಯೆಂದು ಹೊಲಕ್ಕೆ ಚರಗ ಚೆಲ್ಲುವ ತನಕ ಯಾರೂ ರುಚಿ ನೋಡುವಂತಿರಲಿಲ್ಲ.

ಬಂಡಿ ಕುಲುಕುತ್ತ ಹೊಲ ಮುಟ್ಟಿತು. ಚರಗ ಚೆಲ್ಲಿ ಬನ್ನಿ ಗಿಡದ ಕೆಳಗೆ ಊಟಕ್ಕೆ ಕುಳಿತಾಗ ಅಜ್ಜಿ ಬೋಗುಣಿ ತೆರೆದಳು. ಉಪ್ಪಿಗೆ ಬಿಟ್ಟ ನೀರಿನಲ್ಲಿ ಸೊಪ್ಪು ತೇಲುತ್ತಿತ್ತು.

ಅಜ್ಜಿ ನನ್ನತ್ತ ನೋಡಲಿಲ್ಲ. ಎಳ್ಳು ಹಚ್ಚಿದ ನಾಲ್ಕು ಗರಿಗರಿ ಕಟಕ ಸಜ್ಜಿ ರೊಟ್ಟಿಗಳನ್ನು ಅದರಲ್ಲಿ ಮುರಿದು ಕಲಸಿದಳು. ರೊಟ್ಟಿ ನೀರನ್ನೆಲ್ಲ ಕುಡಿಯಿತು.

ಬೀಗತಿ ಎರಡು ಸಲ ಹಾಕಿಸಿಕೊಂಡು, "ಇದ್ಯಾವ ನಮೂನಿ ಪಚಡಿರಿ? ನಮ್ಮ ಕಡೆ ಇಲ್ಲ," ಎಂದಳು.

"ನಮ್ಮ ಮನಿ ಪದ್ಧತಿರಿ. ಹಿಂದಿಂದ ಹಿಂಗ ಮಾಡತೀವಿ," ಎಂದಳು ಅಜ್ಜಿ.

ಮರುವರ್ಷ ನಾನು ಹಕ್ಕರಕಿ ಹೆಚ್ಚಲು ಕುಳಿತಾಗ ಅಜ್ಜಿ ತಾನೇ ಉಪ್ಪಿನ ಗಡಿಗೆ ತಂದು ಮುಂದಿಟ್ಟಳು.

"ಈಗ ಹಾಕಿಬಿಡು. ಬೀಗರು ಅದನ್ನ ಉಣ್ಣಾಕ ಬರಾಕತ್ತಾರ."