ಮರದ ನಾಡಿ ಬಲ್ಲವರು

"ಇವನು ನಮ್ಮ ದೊಡ್ಡ ಅಳಿಯ. ಮರದ ಹೊಟ್ಟಿಗೆ ಹುಬ್ಬು ತೀಡೋ ಕೆಲಸ."

ಮಾವ ಹೊಸ ಬೀಗರಿಗೆ ಪರಿಚಯ ಮಾಡಿಕೊಟ್ಟದ್ದು ಹೀಗೆ. ಚಿಕ್ಕ ಮಗಳ ಗಂಡನ ತಂದೆ, ತಾಯಿ ಮೊದಲ ಸಲ ಮನೆಗೆ ಬಂದಿದ್ದರು. ಬೀಗರು ನಗಬೇಕೋ ಬೇಡವೋ ತಿಳಿಯದೆ ಹೆಂಡತಿಯ ಮುಖ ನೋಡಿದರು. ಆಕೆ ನಕ್ಕ ಮೇಲೆ ತಾವೂ ನಕ್ಕರು. ಅಳಿಯ ಹೊತ್ತು ತಂದಿದ್ದ ಕುರ್ಚಿ ಕೆಳಗಿಟ್ಟ. ಅವನ ಬೆರಳೆಲ್ಲ ಕಂದು ಬಣ್ಣ. ಅಂಗಿಯ ಜೇಬಿನಲ್ಲಿ ನಿಜಕ್ಕೂ ಒಂದು ಹುಬ್ಬಿನ ಪೆನ್ಸಿಲ್ ಇತ್ತು.

ಅವನ ಕೆಲಸವೇ ಅಂಥದ್ದು. ಹೊಟ್ಟು ಒತ್ತಿ ಮಾಡಿದ ಹಲಗೆಯ ಮೇಜು, ಕಪಾಟುಗಳು ಮೂಲೆ ಒಡೆದು, ಅಂಚು ಎದ್ದು, ನೀರು ಕುಡಿದು ಊದಿಕೊಂಡು ಅವನಲ್ಲಿಗೆ ಬರುತ್ತಿದ್ದವು. ಹೊಸದು ಕೊಳ್ಳಲಾಗದವರ ಸಾಮಾನು. ಬೇಡವೆಂದು ಬಿಟ್ಟುಹೋದದ್ದನ್ನು ಸರಿಮಾಡಿ ಹಳೇ ಸಾಮಾನಿನ ಅಂಗಡಿಗೆ ಮಾರುತ್ತಿದ್ದ. ಒಲೆ ಹಚ್ಚಿ ಗೋಂದು ಕಾಯಿಸಿ, ಹೊಟ್ಟು ಕಲಸಿ ಒಡಕು ತುಂಬುತ್ತಿದ್ದ. ಎದ್ದ ಪದರವನ್ನು ಇಸ್ತ್ರಿಪೆಟ್ಟಿಗೆಯಿಂದ ಒತ್ತಿ ಕೂರಿಸುತ್ತಿದ್ದ. ಬಣ್ಣ ಹೋದಲ್ಲಿ ಶೂ ಪಾಲಿಷ್ ತಿಕ್ಕಿ, ಕೊನೆಗೆ ಪೆನ್ಸಿಲಿನಲ್ಲಿ ಮರದ ಗೆರೆ ಎಳೆಯುತ್ತಿದ್ದ. "ಮುಖ ಸರಿ ಮಾಡ್ತೀನಿ, ಸೊಟ್ಟಗಾದ ಚೌಕಟ್ಟು ನನ್ನಿಂದ ಆಗಲ್ಲ" ಎಂದು ಮೊದಲೇ ಹೇಳಿಬಿಡುತ್ತಿದ್ದ. ಎಲ್ಲವೂ ಮಾವನ ಹಿತ್ತಲ ಶೆಡ್ಡಿನಲ್ಲಿ. ಬಾಡಿಗೆ ಕೊಟ್ಟು ಮಾಡಿದರೆ ಗಿಟ್ಟುವ ಕೆಲಸವಲ್ಲ. ಶೆಡ್ಡು ಹೋದರೆ ಅನ್ನ ಹೋದಂತೆ.

ಆ ಶೆಡ್ಡು ಇವತ್ತು ಹೋಗುವುದರಲ್ಲಿತ್ತು. ಮಾವ ಅದಕ್ಕೆ ಜಡಿಯಲು ಹೊಸ ಬೀಗ ತಂದು ಬೆಳಗ್ಗೆಯಿಂದ ಕೈಯಲ್ಲೇ ಹಿಡಿದುಕೊಂಡು ಓಡಾಡುತ್ತಿದ್ದರು.

"ಸಂಜೆಯೊಳಗೆ ಹಿತ್ತಲಿನ ಕಸ ಎಲ್ಲಾ ಖಾಲಿ ಮಾಡಿಸ್ತಿದೀನಿ ಬೀಗರೇ. ನಿಮ್ಮಂಥೋರು ಬಂದು ಹೋಗೋ ಮನೆ. ಗುಜರಿ ಇದ್ರೆ ಚೆನ್ನಾಗಿರುತ್ತಾ?"

"ಮಾವ, ಒಂದೇ ಒಂದು ತಿಂಗಳು ಕೊಟ್ರೆ..."

"ನಿನ್ನನ್ನ ಯಾರು ಕೇಳಿದ್ರು?"

ಅಳಿಯನಿಗೆ ಈ ಮನೆಯಲ್ಲಿ ಬಹುವಚನ ಸಿಕ್ಕಿದ್ದು ಮದುವೆಯ ವಾರ ಮಾತ್ರ.

ಮಾವ ಮರ ಬಲ್ಲವರು. ಮೂವತ್ತು ವರ್ಷ ಟಿಂಬರ್ ಡಿಪೋದ ಗೇಟಿನಲ್ಲಿ ಕೂತು ಲಾರಿ ನಂಬರು ಬರೆದುಕೊಂಡಿದ್ದರು. ಮರ ಲಾರಿಯ ಮೇಲೆ ಮಲಗಿ ಹೋಗುವುದನ್ನು ದೂರದಿಂದ ನೋಡಿ ನೋಡಿಯೇ ಪಂಡಿತರಾದವರು. ಯಾರ ಮನೆಗೆ ಹೋದರೂ ಮೊದಲು ಮೇಜು ತಟ್ಟಿ ನೋಡಿ, ಆಮೇಲೆ ಮನೆಯವರನ್ನು ಮಾತಾಡಿಸುವರು. ಇಂಥವರ ಮಲಗುವ ಕೋಣೆಯಲ್ಲೇ ಇಪ್ಪತ್ತೆರಡು ವರ್ಷ ಒಂದು ಹೊಟ್ಟಿನ ಕಪಾಟಿತ್ತು. ದಿನಾ ಬೆಳಗ್ಗೆ ಅಂಗಿಗಾಗಿ ಅದರೊಂದಿಗೆ ಜಗಳ. ಹೋದ ವರ್ಷ ನಾಚಿಕೆಯಾಗಿ ಅದನ್ನು ಹಿತ್ತಲಿಗೆ ಹಾಕಿಸಿ, "ಒಲೆಗೆ ಹಾಕು" ಎಂದು ಅಳಿಯನಿಗೆ ಹೇಳಿದ್ದರು. ಎರಡು ದಿನ ಬಿಟ್ಟು ಶೆಡ್ಡಿನಿಂದ ಹೊಗೆ ಎದ್ದದ್ದು ನೋಡಿ ಸಮಾಧಾನಪಟ್ಟಿದ್ದರು.

"ಬನ್ನಿ ಬನ್ನಿ, ಮರ ಅಂದ್ರೆ ಏನು ಅಂತ ತೋರಿಸ್ತೀನಿ."

ಎಲ್ಲರೂ ಹಿಂದೆಯೇ ಕೋಣೆಗೆ ನಡೆದರು. ಹೊಸ ಕಪಾಟು ಬೆಳಗ್ಗೆ ತಾನೇ ಬಂದಿತ್ತು. ಕಿಟಕಿಗೂ ಬಾಗಿಲಿಗೂ ನಡುವೆ ಅಳತೆ ಕೊಟ್ಟು ಮಾಡಿಸಿದ ಹಾಗೆ ಕೂತಿತ್ತು. ಗಾಢ ಕಂದು, ಮುಖ ಕಾಣುವಷ್ಟು ಹೊಳಪು, ಹರಿಯುವ ನೀರಿನಂಥ ಗೆರೆಗಳು. ಹಳೇ ಸಾಮಾನಿನ ಅಂಗಡಿಯಲ್ಲಿ ಮಾವ ಅದನ್ನು ತಟ್ಟಿಯೇ ಕೊಂಡಿದ್ದರು. ಬಾಗಿಲು ತೆರೆದು ನೋಡುವುದು ಮರ ತಿಳಿಯದವರು ಮಾಡುವ ಕೆಲಸ.

"ಅಪ್ಪಟ ತೇಗ. ಇಬ್ಬರೇ ಎತ್ಕೊಂಡು ಬಂದ್ರು. ತೇಗ ಹಳೇದಾದಷ್ಟೂ ಹಗುರ, ಅದೇ ಗುರುತು." ಬೆರಳಗಂಟಿನಿಂದ ತಟ್ಟಿದರು. ಡಬ್ ಡಬ್ ಎಂದಿತು. "ಕೇಳಿದ್ರಾ?"

ಬೀಗರೂ ತಟ್ಟಿ, ಏನೋ ಕೇಳಿಸಿದವರಂತೆ ತಲೆಯಾಡಿಸಿದರು.

"ಯಾರೋ ದೊಡ್ಡ ಮನುಷ್ಯರ ಮನೇದಂತೆ. ಇಪ್ಪತ್ತು ವರ್ಷದ ಮೇಲೆ ಬಳಸಿ, ಬೆಲೆ ಗೊತ್ತಾಗದೆ ಬಿಸಾಕಿದಾನೆ. ಎಂಥಾ ಮುಠ್ಠಾಳ ಇರಬೇಕು ಹೇಳಿ!"

"ಶುದ್ಧ ಮುಠ್ಠಾಳ," ಎಂದರು ಬೀಗರು.

ಅಳಿಯನಿಗೆ ಕೆಮ್ಮು ಬಂತು. "ಮಾವ, ಆ ಕಪಾಟು..."

"ಮುಟ್ಟಬೇಡ ನೀನು. ಶೂ ಪಾಲಿಷ್ ಕೈ."

ಬೀಗಿತ್ತಿಗೆ ಒಳಗೆ ನೋಡುವ ಆಸೆ. ಹಿಡಿ ಹಿಡಿದು ಎಳೆದರು, ಬರಲಿಲ್ಲ. ಬೀಗರು ಎರಡೂ ಕೈ ಹಾಕಿ ಜಗ್ಗಿದರು. ಮುಖ ಕೆಂಪಾಯಿತೇ ಹೊರತು ಬಾಗಿಲು ಮಿಸುಕಲಿಲ್ಲ. "ಕೀಲಿ ಹಾಕಿದೆಯಾ?"

"ಕೀಲಿ ಇಲ್ಲ, ಏನಿಲ್ಲ. ಸರೀರಿ ಈ ಕಡೆ. ಮರದ ನಾಡಿ ಗೊತ್ತಿರಬೇಕು."

ಮಾವ ಮುಂದೆ ಬಂದರು. ಕಪಾಟಿನ ಕಡೆ ನೋಡಲೂ ಇಲ್ಲ. ಬೀಗರ ಮುಖ ನೋಡಿ ಮಾತಾಡುತ್ತಲೇ ಎಡಬಾಗಿಲ ಹಿಡಿಯನ್ನು ಹೆಬ್ಬೆರಳಿನಿಂದ ಮೇಲಕ್ಕೆತ್ತಿದರು, ಮೊಣಕಾಲನ್ನು ಕೆಳಮೂಲೆಗೆ ಕೊಟ್ಟರು. ಅಲ್ಲಿ ಹಲಗೆ ಒಂದಿಷ್ಟು ತಗ್ಗಾಗಿತ್ತು. ಮೊಣಕಾಲು ಆ ತಗ್ಗಿನಲ್ಲಿ ಸರಿಯಾಗಿ ಕೂತಿತು. ಒಂದು ನೂಕು. ಬಾಗಿಲು ಕಿರ್ರ್ ಎಂದು ತೆರೆದುಕೊಂಡಿತು.

ಬೀಗರು ಚಪ್ಪಾಳೆ ತಟ್ಟಿದರು. "ಅಬ್ಬಾ! ಮೊದಲನೇ ಸಲಕ್ಕೇ ಹೇಗೆ ಗೊತ್ತಾಯ್ತು ನಿಮಗೆ?"

"ಗೊತ್ತಾಗೋದೇನು? ಕೈಗೇ ಗೊತ್ತಿರುತ್ತೆ."

ಅತ್ತೆ ಟೀ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದರು. ಅವರು ನೋಡುತ್ತಿದ್ದುದು ಕಪಾಟನ್ನಲ್ಲ, ಗಂಡನ ಮೊಣಕಾಲನ್ನು.

"ರೀ, ಇಪ್ಪತ್ತೆರಡು ವರ್ಷ ನೀವು ದಿನಾ ಬೆಳಗ್ಗೆ ಅಂಗಿ ತೆಗೀತಿದ್ದದ್ದೂ ಹೀಗೇ ಅಲ್ವಾ?"

ಮಾವ ನಿಧಾನವಾಗಿ ಮೊಣಕಾಲು ಇಳಿಸಿದರು, ಹೊಸ ಬೀಗವನ್ನೂ ಅದರ ಕೀಲಿಯನ್ನೂ ಅಳಿಯನ ಕಂದು ಅಂಗೈಯಲ್ಲಿಟ್ಟು, ಯಾರ ಮುಖವನ್ನೂ ನೋಡದೆ ಹೊರಗೆ ನಡೆದುಬಿಟ್ಟರು.